ದ್ರಾಕ್ಷಿಯೊಳಗಿಲ್ಲದ ಅಮಲು

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಾಂಗಲಿ ಜಿಲ್ಲೆಯ ದ್ರಾಕ್ಷಿ ಊರುಗಳಲ್ಲಿ ಒಣದ್ರಾಕ್ಷಿಯ ಹಂಗಾಮು. ಜತ್ತ ತಾಲ್ಲೂಕಿನಲ್ಲೂ ಅಷ್ಟೇ. ಕೊಯ್ದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಗಳ ಮೇಲೆ ನೆರಳಲ್ಲಿ ಹರಡುತ್ತಾರೆ. ಸಿಪ್ಪೆಯ ಮೇಲಿನ ಮೇಣ ಆ ದ್ರಾವಣಕ್ಕೆ ಸಡಿಲಾಗಿ ಒಳಗಿನ ನೀರು ಬೇಗ ಆರುತ್ತದೆ. ಮಾಗಿದ ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 80 ಗ್ರಾಂ ನೀರೇ ಇರುತ್ತದೆ. ನೂರು ಗ್ರಾಂ ಒಣದ್ರಾಕ್ಷಿಯಲ್ಲಿ ಉಳಿಯುವುದು ಸುಮಾರು 15. ಸಿಹಿ ಹೆಚ್ಚಿತು ಎನ್ನುತ್ತದೆ ನಾಲಿಗೆ. ತೂಗಿ ಲೆಕ್ಕ ಹಾಕಿದರೆ ಸಕ್ಕರೆ ಹೆಚ್ಚಿಲ್ಲ, ನೀರು ಹೋಗಿದೆ ಅಷ್ಟೇ.

ಅದೇ ಹಣ್ಣನ್ನು ಹಿಂಡಿ ರಸವನ್ನು ಮುಚ್ಚಿಟ್ಟರೆ ಆಗುವುದೇ ಬೇರೆ. ಯೀಸ್ಟ್ ಸಕ್ಕರೆಯನ್ನು ಮುರಿಯತೊಡಗುತ್ತದೆ, ರಸ ನೊರೆಯೇಳುತ್ತದೆ, ಕೆಲವು ದಿನಗಳಲ್ಲಿ ಸಿಹಿ ಇಳಿದು ಅಮಲು ಏರುತ್ತದೆ. ಒಣದ್ರಾಕ್ಷಿಯ ಸಿಹಿ ಹಣ್ಣಿನಲ್ಲೇ ಇತ್ತು. ಮದ್ಯದ ಅಮಲು ಎಲ್ಲಿತ್ತು?

ಭಾರತದ ದರ್ಶನಕಾರರು ಶತಮಾನಗಳ ಕಾಲ ಜಗಳವಾಡಿದ್ದು ಈ ಪ್ರಶ್ನೆಯ ಮೇಲೆ. ಕಾರ್ಯವೆಂಬುದು ಕಾರಣದಲ್ಲಿ ಮೊದಲೇ ಅಡಗಿರುತ್ತದೆ, ಎಳ್ಳಿನಲ್ಲಿ ಎಣ್ಣೆ ಇದ್ದಂತೆ, ಎಂದರು ಸಾಂಖ್ಯರು. ಇದು ಸತ್ಕಾರ್ಯವಾದ. ಇಲ್ಲ, ಮಣ್ಣಿನಲ್ಲಿ ಗಡಿಗೆ ಇರಲಿಲ್ಲ, ಅದು ಹೊಸದಾಗಿ ಹುಟ್ಟಿತು, ಎಂದರು ನ್ಯಾಯ ವೈಶೇಷಿಕರು. ಇದು ಅಸತ್ಕಾರ್ಯವಾದ. ಒಂದೇ ದ್ರಾಕ್ಷಿ ಒಂದು ಕಡೆ ಸಾಂಖ್ಯರ ಪರ ಸಾಕ್ಷಿ ಹೇಳುತ್ತದೆ, ಇನ್ನೊಂದು ಕಡೆ ಅವರ ವಿರುದ್ಧ ನಿಲ್ಲುತ್ತದೆ. ಬಿ.ಎಸ್ಸಿ. ರಸಾಯನಶಾಸ್ತ್ರದ ಪ್ರತಿಯೊಂದು ಪಾಠದ ಅಡಿಯಲ್ಲೂ ಈ ಪ್ರಶ್ನೆ ಇದೆ. ಆದರೆ ಅದನ್ನು ಪ್ರಶ್ನೆಯೆಂದು ಯಾರೂ ಎತ್ತುವುದಿಲ್ಲ. ಎತ್ತಬೇಕು ಎಂಬುದು ಈ ಲೇಖನದ ವಾದ. ಜತ್ತದಂಥ ನೆಲದಲ್ಲಂತೂ ಎತ್ತದೆ ಬಿಡುವುದು ದೊಡ್ಡ ನಷ್ಟ.

ಏಕೆಂದರೆ ಈ ತಾಲ್ಲೂಕು ಬರದ ಸೀಮೆಯೆಂದೂ ಗಡಿ ತಂಟೆಯ ಸೀಮೆಯೆಂದೂ ಪತ್ರಿಕೆಗಳಲ್ಲಿ ಕಾಣಿಸಿಕೊಂಡಷ್ಟು ಚಿಂತನೆಯ ಸೀಮೆಯೆಂದು ಕಾಣಿಸಿಕೊಂಡಿಲ್ಲ. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮ ಹುಟ್ಟಿದ್ದು ಇಲ್ಲಿನ ಉಮರಾಣಿಯಲ್ಲಿ, ನೆಲೆಗೊಂಡದ್ದು ಗುಡ್ಡಾಪುರದಲ್ಲಿ ಎಂದು ಪರಂಪರೆ ಹೇಳುತ್ತದೆ. ಛಟ್ಟಿ ಅಮಾವಾಸ್ಯೆಗೆ ವಿಜಯಪುರ, ಬಾಗಲಕೋಟೆ ಕಡೆಯ ಭಕ್ತರು ನಡೆದುಕೊಂಡೇ ಅಲ್ಲಿಗೆ ಬರುತ್ತಾರೆ. ಇಂಚಗೇರಿ ಸಂಪ್ರದಾಯವನ್ನು ಕಟ್ಟಿದ ಭಾವೂಸಾಹೇಬ ಮಹಾರಾಜರು ಉಮದಿಯವರು, 1914ರಲ್ಲಿ ತೀರಿಕೊಂಡರು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿ, ನಿಂಬಾಳದಲ್ಲಿ ಆಶ್ರಮ ಕಟ್ಟಿದ ಗುರುದೇವ ರಾನಡೆ ಈ ಭಾವೂಸಾಹೇಬರ ಶಿಷ್ಯರು. ಉಪನಿಷತ್ತುಗಳ ಬಗ್ಗೆ 1926ರಲ್ಲಿ ರಾನಡೆ ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ತತ್ವಶಾಸ್ತ್ರದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಅಂಥ ವಿದ್ವಾಂಸನಿಗೆ ಗುರುವಾದದ್ದು ಉಮದಿಯ ಸಂತ.

ಈ ಊರುಗಳ ಮಕ್ಕಳಿಗೆ ಪದವಿಯ ವಿಜ್ಞಾನ ಸಿಗುವ ಒಂದು ಕಡೆ ಜತ್ತ ಪಟ್ಟಣದ ರಾಜೇ ರಾಮರಾವ್ ಮಹಾವಿದ್ಯಾಲಯ. ಅದು 1962ರಲ್ಲಿ ಸ್ಥಾಪನೆಯಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ರಸಾಯನಶಾಸ್ತ್ರದ ಪುಸ್ತಕದಲ್ಲಿ ಇಂಗ್ಲಿಷ್. ಮೂರು ಭಾಷೆಗಳ ನಡುವೆ ಓಡಾಡುವ ಹುಡುಗಿ ಪರೀಕ್ಷೆಗೆ ಬೇಕಾದಷ್ಟನ್ನು ಉರುಹೊಡೆದು ಪಾಸಾಗುತ್ತಾಳೆ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಕಾರ್ಬೊನೇಟಿನ ಪರೀಕ್ಷೆ ಮಾಡುವಾಗ ಎರಡಕ್ಕೂ ಸಂಬಂಧವಿದೆಯೇ ಎಂದು ಆಕೆಯನ್ನು ಕೇಳುವವರಿಲ್ಲ. ಆಕೆ ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟು ಬೀಗ ಹಾಕಿಕೊಳ್ಳುತ್ತಾಳೆ. ಆ ಬೀಗ ವಿಜ್ಞಾನಕ್ಕೂ ಒಳ್ಳೆಯದಲ್ಲ, ಭಕ್ತಿಗೂ ಒಳ್ಳೆಯದಲ್ಲ.

ಮೊದಲ ವರ್ಷದ ಮೊದಲ ನಿಯಮವನ್ನೇ ನೋಡಬಹುದು. ದ್ರವ್ಯರಾಶಿ ಹುಟ್ಟುವುದಿಲ್ಲ, ಸಾಯುವುದಿಲ್ಲ. ಫ್ರಾನ್ಸಿನ ಲವಾಜಿಯೆ ಇದನ್ನು 1789ರ ತನ್ನ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದ್ದು ಯಾವ ಅಧ್ಯಾಯದಲ್ಲಿ ಎಂದು ಪಠ್ಯಪುಸ್ತಕಗಳು ತಿಳಿಸುವುದಿಲ್ಲ: ಹಣ್ಣಿನ ರಸ ಹುಳಿತು ಮದ್ಯವಾಗುವುದನ್ನು ವಿವರಿಸುವ ಅಧ್ಯಾಯದಲ್ಲಿ. ಹುದುಗುವ ಮೊದಲು ಇದ್ದದ್ದನ್ನೂ ಹುದುಗಿದ ಮೇಲೆ ಸಿಕ್ಕಿದ್ದನ್ನೂ ತೂಗಿ, ಎರಡು ತಕ್ಕಡಿಯೂ ಸಮ ಎಂದ. ಇಂದಿನ ಲೆಕ್ಕದಲ್ಲಿ 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಆಲ್ಕೊಹಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಕೂಡಿದರೆ ಮತ್ತೆ 180. ಒಂದು ಪರಮಾಣುವೂ ಹೊಸದಲ್ಲ. ಸಾಂಖ್ಯರು ಕೇಳಿದ್ದರೆ ತಲೆದೂಗುತ್ತಿದ್ದರು.

ಆದರೆ ಅಮಲಿನ ಲೆಕ್ಕ ತಕ್ಕಡಿಯಲ್ಲಿ ಸಿಗುವುದಿಲ್ಲ. ಇದನ್ನು ಮೊದಲು ಗಟ್ಟಿಯಾಗಿ ಹಿಡಿದವರು ಚಾರ್ವಾಕರು. ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ಮಾಧವಾಚಾರ್ಯರು ಬರೆದ ಸರ್ವದರ್ಶನಸಂಗ್ರಹ ತೆರೆದುಕೊಳ್ಳುವುದೇ ಅವರ ವಾದದಿಂದ. ಮದ್ಯದ ಕಿಣ್ವ ಮೊದಲಾದವುಗಳಲ್ಲಿ ಬಿಡಿಬಿಡಿಯಾಗಿ ಅಮಲಿಲ್ಲ, ಕೂಡಿ ಹುದುಗಿದಾಗ ಅದು ಹುಟ್ಟುತ್ತದೆ. ಹಾಗೆಯೇ ನಾಲ್ಕು ಭೂತಗಳು ದೇಹವಾಗಿ ಕೂಡಿದಾಗ ಚೈತನ್ಯ ಹುಟ್ಟುತ್ತದೆ, ದೇಹ ಬಿದ್ದಾಗ ಅದೂ ಹೋಗುತ್ತದೆ. ಅವರ ಇನ್ನೊಂದು ಉದಾಹರಣೆ ಪ್ರತಿ ಊರಿನ ಕಟ್ಟೆಯ ಮೇಲೂ ಸಿಗುವಂಥದ್ದು: ಎಲೆ, ಅಡಿಕೆ, ಸುಣ್ಣ ಮೂರರಲ್ಲೂ ಇಲ್ಲದ ಕೆಂಪು ಬಾಯಲ್ಲಿ ಮೂಡುತ್ತದೆ. ಸುಣ್ಣದ ಕ್ಷಾರದಲ್ಲಿ ಅಡಿಕೆಯ ಪಾಲಿಫೀನಾಲುಗಳು ಆಕ್ಸಿಜನ್ನಿನೊಡನೆ ಸೇರಿ ಕೆಂಪಾಗುತ್ತವೆ ಎಂದು ಇಂದಿನ ವಿದ್ಯಾರ್ಥಿ ವಿವರಿಸಬಲ್ಲ. ಆತ್ಮವಿಲ್ಲ ಎಂದು ಸಾಧಿಸಲು ಚಾರ್ವಾಕರು ಆಯ್ದುಕೊಂಡ ಎರಡೂ ಸಾಕ್ಷಿಗಳು ರಾಸಾಯನಿಕ ಕ್ರಿಯೆಗಳೇ.

ಇಂಥ ಚರ್ಚೆಯ ಸೂಕ್ಷ್ಮತೆ ಎಷ್ಟಿತ್ತೆಂದರೆ, ಆವಿಗೆಯಲ್ಲಿ ಸುಟ್ಟ ಗಡಿಗೆ ಕೆಂಪಾಗುವುದು ಹೇಗೆ ಎಂಬುದರ ಮೇಲೆ ವೈಶೇಷಿಕರೂ ನೈಯಾಯಿಕರೂ ಬೇರೆಯಾದರು. ಗಡಿಗೆ ಪರಮಾಣುಗಳಾಗಿ ಬಿಡಿಸಿಕೊಂಡು, ಪರಮಾಣುಗಳು ಬಣ್ಣ ಬದಲಿಸಿ, ಮತ್ತೆ ಗಡಿಗೆಯಾಗುತ್ತವೆ ಎಂಬುದು ವೈಶೇಷಿಕರ ಪೀಲುಪಾಕ. ಗಡಿಗೆ ಗಡಿಗೆಯಾಗಿಯೇ ಉಳಿದು ಇಡಿಯಾಗಿ ಬಣ್ಣ ಬದಲಿಸುತ್ತದೆ ಎಂಬುದು ನೈಯಾಯಿಕರ ಪಿಠರಪಾಕ. ಗುಣ ಇರುವುದು ಬಿಡಿಯಲ್ಲೋ ಇಡಿಯಲ್ಲೋ? ಪದವಿಯಲ್ಲಿ ಕಲಿಸುವ ರಾಸಾಯನಿಕ ಬಂಧದ ಎರಡು ಸಿದ್ಧಾಂತಗಳೂ ಇದೇ ಕವಲಿನಲ್ಲಿ ನಿಂತಿವೆ. 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಆರಂಭಿಸಿ ಪೌಲಿಂಗ್ ಬೆಳೆಸಿದ ವೇಲೆನ್ಸ್ ಬಂಧ ಸಿದ್ಧಾಂತದಲ್ಲಿ ಪರಮಾಣುಗಳು ತಮ್ಮತನ ಉಳಿಸಿಕೊಂಡು ಜೋಡಿಯಾಗುತ್ತವೆ. ಹುಂಡ್ ಮತ್ತು ಮುಲ್ಲಿಕೆನ್ ಕಟ್ಟಿದ ಅಣುಕಕ್ಷಕ ಸಿದ್ಧಾಂತದಲ್ಲಿ ಎಲೆಕ್ಟ್ರಾನು ಇಡೀ ಅಣುವಿಗೆ ಸೇರಿದ್ದು. ಎರಡನ್ನೂ ಪರೀಕ್ಷೆಗೆ ಹೋಲಿಕೆ ವ್ಯತ್ಯಾಸದ ಪಟ್ಟಿಯಾಗಿ ಬರೆಸುತ್ತಾರೆ. ನಮ್ಮ ದರ್ಶನಕಾರರು ಪರಮಾಣುವಿನ ರಚನೆ ಬಲ್ಲವರಾಗಿರಲಿಲ್ಲ, ಹಾಗೆ ಹೇಳಿಕೊಳ್ಳುವುದು ಸುಳ್ಳು. ಅವರ ಬಳಿ ಇದ್ದದ್ದು ಪ್ರಶ್ನೆ, ಮತ್ತು ಅದು ಇನ್ನೂ ತೀರಿಲ್ಲ.

ತೀರಿತು ಎಂದುಕೊಂಡವರು ಇದ್ದರು. ರಸಾಯನಶಾಸ್ತ್ರಕ್ಕೆ ಬೇಕಾದ ಮೂಲ ನಿಯಮಗಳೆಲ್ಲ ತಿಳಿದುಹೋಗಿವೆ, ಸಮೀಕರಣ ಬಿಡಿಸುವುದಷ್ಟೇ ಕಷ್ಟ ಎಂಬ ಅರ್ಥದಲ್ಲಿ ಭೌತವಿಜ್ಞಾನಿ ಡಿರಾಕ್ 1929ರಲ್ಲಿ ಬರೆದರು. 1972ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಅದನ್ನು ಒಪ್ಪಲಿಲ್ಲ: ಕೂಟ ದೊಡ್ಡದಾದಂತೆ ಪ್ರತಿ ಹಂತದಲ್ಲೂ ಹೊಸ ನಿಯಮಗಳು ಕಾಣಿಸಿಕೊಳ್ಳುತ್ತವೆ ಎಂದು ವಾದಿಸಿದರು.

ಉಪ್ಪಿನ ವಿಷಯವೂ ಹೀಗೆಯೇ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಉಪ್ಪನ್ನು ನೀರಿಗೆ ಹಾಕಿಸಿ, ಮರುದಿನ ಮೇಲೆ, ನಡುವೆ, ತಳದಲ್ಲಿ ರುಚಿ ನೋಡಿಸುತ್ತಾನೆ. ಕಣ್ಣಿಗೆ ಕಾಣದ್ದು ಎಲ್ಲೆಡೆ ಇದೆ, ಸತ್ ಹಾಗೆ. ಆದರೆ 1887ರಲ್ಲಿ ಸ್ವೀಡನ್ನಿನ ಅರ್ಹೀನಿಯಸ್ ತೋರಿಸಿದಂತೆ, ನೀರಿನಲ್ಲಿ ಉಪ್ಪು ಉಪ್ಪಾಗಿ ಉಳಿದಿರುವುದಿಲ್ಲ, ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ ಬೇರೆಯಾಗಿರುತ್ತದೆ. ನೀರು ಆರಿದರೆ ಹರಳು ಮರಳಿ ಬರುತ್ತದೆ. ನಡುವಿನ ಹೊತ್ತಿನಲ್ಲಿ ಉಪ್ಪು ಇತ್ತೇ, ಇರಲಿಲ್ಲವೇ? ಉಮದಿಯ ಶಿಷ್ಯಪರಂಪರೆಯವರು ಉಪನಿಷತ್ತಿನ ಮೇಲೆ ಕೇಳಬೇಕಾದ ಪ್ರಶ್ನೆ ಇದು, ಜತ್ತದ ಪ್ರಯೋಗಶಾಲೆಯಲ್ಲಿ ಕೇಳಬೇಕಾದದ್ದೂ ಇದೇ.

ಈಗ ಚೈತನ್ಯದ ಮಾತು. ಇಲ್ಲಿ ಭಕ್ತರು ಒಂದು ತಪ್ಪು ದಾರಿ ಹಿಡಿಯುವುದುಂಟು: ವಿಜ್ಞಾನಕ್ಕೆ ಇನ್ನೂ ತಿಳಿಯದ ಕಡೆ ದೇವರನ್ನು ಕೂರಿಸುವುದು. ಪ್ರಾಣಶಕ್ತಿಯಿಲ್ಲದೆ ಜೀವಿಗಳ ವಸ್ತುಗಳನ್ನು ತಯಾರಿಸಲಾಗದು ಎಂಬ ನಂಬಿಕೆ 1828ರಲ್ಲಿ ವ್ಯೋಲರ್ ಪ್ರಯೋಗಶಾಲೆಯಲ್ಲೇ ಯೂರಿಯಾ ಮಾಡಿದಾಗ ಅಲುಗಿತು. ಹುದುಗಲು ಜೀವಂತ ಕೋಶ ಬೇಕೇಬೇಕು ಎಂದು ಪ್ಯಾಸ್ಟರ್ ಹೇಳಿದ್ದರು. 1897ರಲ್ಲಿ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಅರೆದು ಹಿಂಡಿದ ರಸ, ಒಂದೂ ಜೀವಕೋಶವಿಲ್ಲದೆ, ಸಕ್ಕರೆಯನ್ನು ಹುದುಗಿಸಿತು. ಅದಕ್ಕೆ 1907ರ ನೊಬೆಲ್ ಬಂತು. ಯೀಸ್ಟಿನ ಗುಟ್ಟಿನ ಮೇಲೆ ಕಟ್ಟಿದ ನಂಬಿಕೆ ಯೀಸ್ಟಿನ ಗುಟ್ಟು ಒಡೆದ ದಿನವೇ ಬೀಳುತ್ತದೆ.

ಚಾರ್ವಾಕರಿಗೆ ಅವರ ಕಾಲದಲ್ಲಿ ಸಿಗದಿದ್ದ ಬಲವಾದ ಸಾಕ್ಷಿ ಈಗಿನ ಸಾವಯವ ರಸಾಯನಶಾಸ್ತ್ರದ ಪುಸ್ತಕದಲ್ಲಿದೆ. ಡೈಈಥೈಲ್ ಈಥರ್. 1846ರಲ್ಲಿ ಬಾಸ್ಟನ್ನಿನಲ್ಲಿ ಮಾರ್ಟನ್ ಅದರ ಆವಿ ಉಸಿರಾಡಿಸಿ ರೋಗಿಯ ಅರಿವನ್ನು ಮುಚ್ಚಿ ಶಸ್ತ್ರಚಿಕಿತ್ಸೆಗೆ ಅನುವು ಮಾಡಿದ. ಇನ್ನೂ ವಿಚಿತ್ರ ಕ್ಸೆನಾನ್: ಯಾವುದರೊಡನೆಯೂ ಸುಲಭವಾಗಿ ಬಂಧ ಬೆಸೆಯದ ಜಡ ಅನಿಲ, ಆದರೂ ಉಸಿರಾಡಿದರೆ ಮನುಷ್ಯನ ಎಚ್ಚರ ತಪ್ಪುತ್ತದೆ. ಅರಿವು ಭೂತಗಳಿಂದ ಬೇರೆಯೇ ಆದದ್ದಾದರೆ ಒಂದು ಅನಿಲ ಅದನ್ನು ಆರಿಸುವುದು ಹೇಗೆ?

ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು ಲೋಕಾಯತರಿಗೆ, ಅಂದರೆ ಚಾರ್ವಾಕರಿಗೆ, ಕೊಟ್ಟ ಉತ್ತರ, ದೇಹ ಇದ್ದರೂ ಸತ್ತವನಲ್ಲಿ ಅರಿವಿಲ್ಲ, ಆದ್ದರಿಂದ ಅದು ದೇಹದ ಗುಣವಲ್ಲ ಎಂಬುದು. ರಸಾಯನಶಾಸ್ತ್ರ ಓದಿದವರಿಗೆ ಇದು ಸಾಲದು. ಸತ್ತ ದೇಹ ಮತ್ತು ಬದುಕಿದ ದೇಹ ಒಂದೇ ವಸ್ತುಗಳ ಕೂಟವಾದರೂ ಅವುಗಳೊಳಗೆ ನಡೆಯುವ ಕ್ರಿಯೆಗಳು ಒಂದೇ ಅಲ್ಲ. ಇನ್ನೂ ಹತ್ತಿರದ ಉತ್ತರ ಚಾರ್ವಾಕರ ಉದಾಹರಣೆಯೊಳಗೇ ಇದೆ. ಅಮಲು ಪಾತ್ರೆಯಲ್ಲಿಲ್ಲ. ಪಾತ್ರೆಯಲ್ಲಿರುವುದು ಎಥನಾಲ್, ಅದರ ಸಾಂದ್ರತೆ ಅಳೆಯಬಹುದು, ಕುದಿಬಿಂದು 78 ಡಿಗ್ರಿ ಎಂದು ಬರೆಯಬಹುದು. ಅದು ಅಮಲಾಗುವುದು ಕುಡಿಯುವವನೊಬ್ಬನಿದ್ದಾಗ, ಅವನಿಗೆ ಅರಿವಿದ್ದಾಗ. ಎಲೆಯಡಿಕೆಯ ಕೆಂಪೂ ನೋಡುವ ಕಣ್ಣಿಗೆ ಕೆಂಪು; ಅಣುವಿನ ಮಟ್ಟದಲ್ಲಿ ಅದು ಕೆಲವು ತರಂಗಾಂತರದ ಬೆಳಕನ್ನು ಹೀರುವ ಗುಣ. ಅರಿವು ಹೊಸದಾಗಿ ಹುಟ್ಟುತ್ತದೆ ಎಂದು ತೋರಿಸಲು ತಂದ ಉದಾಹರಣೆಗಳು ಅರಿವನ್ನು ಮೊದಲೇ ಸಾಲ ಪಡೆದಿವೆ. ಎಥನಾಲಿನ ಕುದಿಬಿಂದು ಅಣುಗಳ ನಡುವಿನ ಹೈಡ್ರೋಜನ್ ಬಂಧಗಳಿಂದ ಬಂತು ಎಂದು ವಿವರಿಸಿದಂತೆ ಅಮಲಿನ ಅನುಭವವನ್ನು ಯಾರೂ ವಿವರಿಸಿಲ್ಲ. ಇದರಿಂದ ಆತ್ಮ ಸಿದ್ಧವಾಯಿತು ಎಂದಲ್ಲ. ಚಾರ್ವಾಕರ ಹೋಲಿಕೆ ತಾನು ಹೇಳಿದಷ್ಟನ್ನು ಸಾಧಿಸಲಿಲ್ಲ, ಅಷ್ಟು ಮಾತ್ರ. ಕ್ಸೆನಾನಿನ ಪ್ರಶ್ನೆ ಆಸ್ತಿಕರ ಮೇಲೆ ಹಾಗೇ ನಿಂತಿದೆ.

ಗುಡ್ಡಾಪುರದ ದಾಸೋಹದಲ್ಲಿ ಉಂಡವರಿಗೆ ಮತ್ತೊಂದು ಬಗೆಯ ಬದಲಾವಣೆ ಗೊತ್ತು. ಅರ್ಪಿಸಿದ ಪದಾರ್ಥ ಪ್ರಸಾದವಾಗುತ್ತದೆ. ಪ್ರಯೋಗಶಾಲೆಗೆ ಒಯ್ದರೆ ಅರ್ಪಣೆಯ ಮೊದಲೂ ನಂತರವೂ ಅದೇ ಪಿಷ್ಟ, ಅದೇ ಸಕ್ಕರೆ. ರೋಮನ್ ಕ್ಯಾಥೊಲಿಕರಲ್ಲಿ 1215ರ ಲ್ಯಾಟರನ್ ಸಭೆಯೂ 1551ರಲ್ಲಿ ಟ್ರೆಂಟ್ ಸಭೆಯೂ ರೊಟ್ಟಿ ಮತ್ತು ದ್ರಾಕ್ಷಾರಸದ ತಿರುಳೇ ಬದಲಾಗುತ್ತದೆ, ತೋರಿಕೆ ಮಾತ್ರ ಹಾಗೇ ಉಳಿಯುತ್ತದೆ ಎಂದು ಸಾರಿದವು. ಪ್ರಸಾದವನ್ನು ಅರ್ಥಮಾಡಿಕೊಳ್ಳಲು ಅಷ್ಟು ದೂರ ಹೋಗಬೇಕಿಲ್ಲ. ಉಣ್ಣುವವನಿಗೂ ಅನ್ನಕ್ಕೂ, ಪಕ್ಕದ ಪಂಕ್ತಿಯವನಿಗೂ ಇರುವ ಸಂಬಂಧ ಬದಲಾಗಿದೆ. ತನ್ನದು ಎಂಬುದು ತನ್ನದಲ್ಲವಾಗಿದೆ. ವಿಶ್ಲೇಷಣೆಯಲ್ಲಿ ಕಾಣದ್ದು ಸುಳ್ಳಾಗಬೇಕಿಲ್ಲ ಎಂದು ವಿದ್ಯಾರ್ಥಿನಿಗೆ ಹೇಳಿಕೊಡಬೇಕಾದವರು ಆಕೆಯ ರಸಾಯನಶಾಸ್ತ್ರದ ಮೇಷ್ಟ್ರೇ, ಏಕೆಂದರೆ ವಿಶ್ಲೇಷಣೆ ಏನನ್ನು ಅಳೆಯುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ರಾಷ್ಟ್ರೀಯ ಶಿಕ್ಷಣ ನೀತಿ 2020ರ ನಂತರ ಪದವಿ ತರಗತಿಗಳಿಗೆ ಭಾರತೀಯ ಜ್ಞಾನ ಪರಂಪರೆಯ ಪಾಠಗಳು ಬರುತ್ತಿವೆ. ಅವನ್ನು ಹೆಮ್ಮೆಯ ಪಟ್ಟಿಯಾಗಿ ಕಲಿಸುವ ಅಪಾಯ ದೊಡ್ಡದು. ಮಾದರಿ ಬೇಕಿದ್ದರೆ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಇದ್ದಾರೆ. ಹಿಂದೂ ರಸಾಯನಶಾಸ್ತ್ರದ ಚರಿತ್ರೆಯನ್ನು 1902 ಮತ್ತು 1909ರಲ್ಲಿ ಎರಡು ಸಂಪುಟಗಳಲ್ಲಿ ಬರೆದ ಅವರು ರಸಾರ್ಣವದಂಥ ಶೈವ ಗ್ರಂಥಗಳಲ್ಲಿನ ಪಾದರಸದ ಕೆಲಸವನ್ನು ಗೌರವದಿಂದ ವಿವರಿಸಿದರು. ಅದೇ ಉಸಿರಿನಲ್ಲಿ, ಜಾತಿಪದ್ಧತಿ ಕೈಕೆಲಸದವರನ್ನು ವಿದ್ಯೆಯಿಂದ ದೂರವಿಟ್ಟದ್ದೂ ಶಂಕರರ ಮಾಯಾವಾದವೂ ಇಲ್ಲಿನ ಪ್ರಯೋಗಬುದ್ಧಿಯನ್ನು ಕುಂದಿಸಿದವು ಎಂದೂ ಬರೆದರು. ಶಂಕರರ ಮೇಲಿನ ಆ ಆರೋಪವನ್ನು ಒಪ್ಪದಿರಬಹುದು, ಆದರೆ ತರಗತಿಯಲ್ಲಿ ಇಡಲೇಬೇಕು.

ಹುದುಗುವಿಕೆಯ ಪಾಠ ಮುಗಿದ ವಾರ ಒಂದು ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ ಸಾಕು. ಅರ್ಧ ತರಗತಿ ಸಾಂಖ್ಯರ ಕಡೆ, ಅರ್ಧ ಚಾರ್ವಾಕರ ಕಡೆ. ಮುಂದಿನ ಸಲ ಪಕ್ಷ ಬದಲು. ವಾದ ಕನ್ನಡದಲ್ಲೂ ನಡೆಯಲಿ, ಮರಾಠಿಯಲ್ಲೂ ನಡೆಯಲಿ. ನಿಜಗುಣ ಶಿವಯೋಗಿಗಳ ವಿಶ್ವಕೋಶದಂಥ ಕನ್ನಡ ಗ್ರಂಥ ವಿವೇಕಚಿಂತಾಮಣಿ 1604ರಲ್ಲೇ ಮರಾಠಿಗೆ ಹೋಗಿತ್ತು. ಎರಡೂ ಭಾಷೆಯವರು ಒಂದೇ ಬೆಂಚಿನಲ್ಲಿ ಕೂರುವ ಜತ್ತದಲ್ಲಿ ಈ ಚರ್ಚೆಗೆ ಹೊರಗಿನಿಂದ ಯಾರನ್ನೂ ಕರೆಸಬೇಕಿಲ್ಲ.