ಒಂದೇ ದೇವರಿಗೆ ಮೂರು ಗರ್ಭಗುಡಿ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಮೇಲೆ ಊರು ಕಾರ್ಖಾನೆಯಿಂದಲೇ ಹೆಸರಾಯಿತು. ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯವಾದರೋ 13ನೇ ಶತಮಾನದ ಹೊಯ್ಸಳ ಕಟ್ಟಡ.

ಬಳಪದ ಕಲ್ಲಿನ ಈ ಗುಡಿ ಜಗತಿ ಎಂಬ ಎತ್ತರದ ಕಟ್ಟೆಯ ಮೇಲೆ ನಿಂತಿದೆ. ಗುಡಿಯ ಸುತ್ತ ಉಳಿದ ಜಗತಿಯೇ ಪ್ರದಕ್ಷಿಣೆಯ ದಾರಿ. ಹೊರಗೋಡೆಯಲ್ಲಿ ಮೇಲೆ ಚಾಚಿದ ಸೂರು, ಅದರಡಿ ಪುಟ್ಟ ಗೋಪುರಗಳ ಸಾಲು, ಅದಕ್ಕೂ ಕೆಳಗೆ ದೇವತಾ ವಿಗ್ರಹಗಳು. ಒಳಗೆ ಒಂದೇ ಮಂಟಪಕ್ಕೆ ಮೂರು ಗರ್ಭಗುಡಿಗಳು ತೆರೆದುಕೊಂಡಿವೆ: ಲಕ್ಷ್ಮೀನರಸಿಂಹ, ವೇಣುಗೋಪಾಲ, ಪುರುಷೋತ್ತಮ. ಇಂಥ ರಚನೆಗೆ ತ್ರಿಕೂಟ ಎನ್ನುತ್ತಾರೆ. ಸೋಮನಾಥಪುರದ ಕೇಶವ ದೇವಾಲಯವೂ ಇದೇ ಬಗೆಯದು.

ಮೂವರೂ ವಿಷ್ಣುವೇ. ಹಾಗಿದ್ದ ಮೇಲೆ ಒಬ್ಬನೇ ದೇವರಿಗೆ ಮೂರು ಗರ್ಭಗುಡಿ ಏಕೆ?

ಮೊದಲ ಉತ್ತರ ಗುಡಿ, ಮೂರ್ತಿ, ಪೂಜೆಗಳ ವಿಧಿ ಹೇಳುವ ಆಗಮದ್ದು. ಶಂಖ, ಚಕ್ರ, ಗದೆ, ಪದ್ಮ ಎಂಬ ನಾಲ್ಕು ಲಾಂಛನಗಳನ್ನು ನಾಲ್ಕು ಕೈಗಳಲ್ಲಿ ಅದಲು ಬದಲು ಮಾಡಿದರೆ 24 ಕ್ರಮಗಳು ಸಿಗುತ್ತವೆ. ಕೇಶವನಿಂದ ಮೊದಲಾಗುವ 24 ಹೆಸರುಗಳು ಆ ಕ್ರಮಗಳಿಗೆ ಸಲ್ಲುತ್ತವೆ. ಪುರುಷೋತ್ತಮ ಅವುಗಳಲ್ಲಿ ಒಂದು. ರೂಪ ಬೇರೆಯಾದರೂ ಹಿಡಿದ ವಸ್ತುಗಳು ಅವೇ, ಹಿಡಿದವನೂ ಅವನೇ.

ದರ್ಶನಗಳ ಉತ್ತರ ಒಂದೇ ಬಗೆಯದಲ್ಲ. ಹೊಯ್ಸಳ ನಾಡಿನಲ್ಲಿ ನೆಲೆಸಿದ್ದ ರಾಮಾನುಜರ ಪರಂಪರೆ ಅರ್ಚಾಮೂರ್ತಿಯನ್ನು, ಎಂದರೆ ಪೂಜೆಗೊಳ್ಳುವ ವಿಗ್ರಹವನ್ನು, ದೇವರ ಅವತಾರವೆಂದೇ ಕಾಣುತ್ತದೆ. ಭಕ್ತನ ಕೈಗೆಟುಕಲೆಂದು ಪರಮಾತ್ಮ ವಿಗ್ರಹದೊಳಗೆ ಪೂರ್ಣವಾಗಿ ಇಳಿದು ಬರುತ್ತಾನೆ. ಮಧ್ವಾಚಾರ್ಯರ ಮತದಲ್ಲಿ ವಿಷ್ಣುವಿನ ಮೂಲರೂಪಕ್ಕೂ ಅವತಾರಗಳಿಗೂ ಹೆಚ್ಚು ಕಡಿಮೆಯಿಲ್ಲ. ಭೇದ ಎಣಿಸುವುದೇ ಅಪರಾಧ. ಅದ್ವೈತಕ್ಕೆ ಈ ರೂಪಗಳೆಲ್ಲ ಉಪಾಸನೆಗೆ ಬೇಕಾದವು, ಪರಮಾರ್ಥದಲ್ಲಿ ಬ್ರಹ್ಮ ನಿರ್ಗುಣ. ತುಂಗೆ ಭದ್ರೆಯರು ಕೂಡುವ ಹತ್ತಿರದ ಕೂಡಲಿಯಲ್ಲಿ ಶೃಂಗೇರಿ ಪರಂಪರೆಯ ಮಠವೂ ಮಾಧ್ವರ ಅಕ್ಷೋಭ್ಯತೀರ್ಥ ಮಠವೂ ಇವೆ. ಅದ್ವೈತ, ದ್ವೈತ ಎರಡೂ ಪಕ್ಷಗಳು ಇಲ್ಲಿನ ನೆಲದಲ್ಲೇ ನೆಲೆಸಿವೆ.

ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಪ್ರಶ್ನೆ ಇನ್ನಷ್ಟು ತಿಳಿಯಾಗುತ್ತದೆ. 1988ರಲ್ಲಿ ರಚನೆಯಾದ ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತ್ಯದ ಕೇಂದ್ರ ಅದು. ಕ್ರೈಸ್ತ ವಿಶ್ವಾಸದಲ್ಲಿ ಪಿತ, ಸುತ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳಿದ್ದರೂ ದೇವರು ಒಬ್ಬನೇ; ಇದಕ್ಕೆ ತ್ರಿತ್ವ ಎನ್ನುತ್ತಾರೆ. ಪ್ರಧಾನಾಲಯದಲ್ಲಿ ಸಭೆಯೆಲ್ಲ ಒಂದೇ ದಿಕ್ಕಿಗೆ ಕುಳಿತು ಒಂದೇ ಬಲಿಪೀಠವನ್ನು ನೋಡುತ್ತದೆ. ಅಲ್ಲಿ ಮೂವರ ಏಕತೆಯನ್ನು ಕಟ್ಟಡ ಒತ್ತಿ ಹೇಳಿದರೆ, ತ್ರಿಕೂಟ ಒಬ್ಬನ ಬಹುತ್ವವನ್ನು ತೆರೆದು ತೋರಿಸುತ್ತದೆ. ಎರಡನ್ನೂ ಒಂದೇ ಎಂದು ಬೆರೆಸುವುದು ಸರಿಯಲ್ಲ: ತ್ರಿತ್ವದಲ್ಲಿ ವ್ಯಕ್ತಿಗಳು ನಿಜವಾಗಿ ಬೇರೆ, ತ್ರಿಕೂಟದಲ್ಲಿ ರೂಪಗಳು ಮಾತ್ರ ಬೇರೆ.

ತ್ರಿಕೂಟದ ನಿಜವಾದ ಉತ್ತರ ಮಂಟಪದಲ್ಲಿದೆ. ಮೂರು ಗರ್ಭಗುಡಿಗಳಿಗೂ ಸೇರಿದ ಜಾಗ ಅದೊಂದೇ. ಅಲ್ಲಿ ನಿಂತ ಭಕ್ತ ನರಸಿಂಹನನ್ನೂ ಕೊಳಲೂದುವ ವೇಣುಗೋಪಾಲನನ್ನೂ ಪುರುಷೋತ್ತಮನನ್ನೂ ಜಾಗ ಬಿಡದೆ, ಮುಖ ತಿರುಗಿಸಿ ಕಾಣಬಲ್ಲ. ಅದ್ವೈತಿಗೂ ದ್ವೈತಿಗೂ ಈ ವಾಸ್ತು ಒಪ್ಪುತ್ತದೆ. ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ನೋಡಹೋಗುವವರು ನಡುವಿನ ಮೂರ್ತಿಗೆ ಕೈಮುಗಿದು ಹೊರಟುಬಿಡದೆ, ಮೂರೂ ಬಾಗಿಲುಗಳ ಮುಂದೆ ನಿಂತು, ಮೂರ್ತಿಗಳ ಕೈಗಳನ್ನು ಗಮನಿಸಬೇಕು.