ಕಲಿಸುವವನ ಅರ್ಹತೆ

ಮೋಟಾರು ನಡೆಸಬಲ್ಲವರೆಲ್ಲರೂ ಅದನ್ನು ಕಲಿಸಲು ಅರ್ಹರೆ? ಈ ಪ್ರಶ್ನೆಯು ಮೇಲುನೋಟಕ್ಕೆ ಸಾರಿಗೆಯ ಇಲಾಖೆಗೆ ಮಾತ್ರ ಸಂಬಂಧಿಸಿದುದೆಂದು ತೋರಬಹುದು. ವಿಚಾರಿಸಿ ನೋಡಿದರೆ ಅದು ಗುರುತ್ವದ ಮೂಲವನ್ನೇ ಮುಟ್ಟುವಂಥದು.

ನಮ್ಮ ದೇಶದ ೧೯೮೯ನೆಯ ಇಸವಿಯ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಲನಾಶಾಲೆಯ ಬೋಧಕನಿಗೆ ಕೆಲವು ಅರ್ಹತೆಗಳನ್ನು ವಿಧಿಸಿವೆ. ಅವನು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು; ಐದು ವರ್ಷ ವಾಹನ ನಡೆಸಿದ ಅನುಭವವುಳ್ಳವನಾಗಿರಬೇಕು; ಮೋಟಾರು ಯಂತ್ರದ ಶಿಕ್ಷಣದಲ್ಲಿ ಪ್ರಮಾಣಪತ್ರ ಪಡೆದಿರಬೇಕು; ರಸ್ತೆಯ ಸಂಕೇತಗಳನ್ನು ಚೆನ್ನಾಗಿ ಅರಿತು, ವಾಹನದ ಭಾಗಗಳ ಕೆಲಸವನ್ನು ತೋರಿಸಿ ವಿವರಿಸಬಲ್ಲವನಾಗಿರಬೇಕು. ಇವೆಲ್ಲವೂ ಯುಕ್ತವಾದುವೇ ಸರಿ. ಆದರೆ ಅವನು ಏನನ್ನು ಬಲ್ಲನೆಂಬುದು ಇವುಗಳಿಂದ ತಿಳಿದೀತು, ಎಂಥವನೆಂಬುದು ತಿಳಿಯದು.

ಬ್ರಿಟನ್ನಿನಲ್ಲಿ ಹಣ ಪಡೆದು ಕಾರು ನಡೆಸಲು ಕಲಿಸಬೇಕೆನ್ನುವವನು ಮೂರು ಪರೀಕ್ಷೆಗಳನ್ನು ದಾಟಬೇಕು: ಮೊದಲನೆಯದು ತಿಳಿವಳಿಕೆಗೆ, ಎರಡನೆಯದು ಸ್ವಂತ ಚಾಲನೆಗೆ, ಮೂರನೆಯದು ಬೋಧನೆಗೆ. ನಡೆಸುವ ಕೌಶಲವೇ ಬೇರೆ, ಕಲಿಸುವ ಕೌಶಲವೇ ಬೇರೆಯೆಂಬುದನ್ನು ಈ ವಿಭಾಗವೇ ಒಪ್ಪಿಕೊಂಡಂತಾಯಿತು. ಇದಲ್ಲದೆ ಅವನು ಯೋಗ್ಯನಾದ ವ್ಯಕ್ತಿಯೇ ಎಂಬ ವಿಚಾರಣೆಯೂ ನಡೆಯುವುದು. ಅಪರಾಧಗಳ ದಾಖಲೆಯನ್ನು ಪರಿಶೀಲಿಸುವರು. ಆದರೂ ದಾಖಲೆಯು ದೋಷವಿಲ್ಲದುದನ್ನು ತೋರಿಸಬಲ್ಲುದೇ ಹೊರತು ಗುಣವಿರುವುದನ್ನು ತೋರಿಸಲಾರದು.

ಆ ಗುಣವಾವುದು? ನಮ್ಮ ನಿಯಮದಂತೆ ಶಾಲೆಯ ಕಾರಿನಲ್ಲಿ ಜೋಡಿ ನಿಯಂತ್ರಣವಿರಬೇಕು. ಬೋಧಕನ ಕಾಲಡಿಯಲ್ಲಿಯೂ ಒಂದು ಬ್ರೇಕು ಇರುವುದು. ತಿರುವಿನಲ್ಲಿ ಸೈಕಲ್ಲಿನವನೊಬ್ಬನು ಎದುರಾದನೆಂದೂ ಶಿಷ್ಯನು ತಡಬಡಿಸಿದನೆಂದೂ ಭಾವಿಸೋಣ. ಬೋಧಕನು ಕೂಡಲೆ ಬ್ರೇಕನ್ನೊತ್ತಿದರೆ ಕಾರು ನಿಂತೀತು, ಆದರೆ ಶಿಷ್ಯನು ಏನನ್ನೂ ಕಲಿಯನು. ಕಾಲನ್ನು ಬಿಗಿಹಿಡಿದು ಕಾದರೆ ಶಿಷ್ಯನು ಕಲಿತಾನು. ಒಂದು ಕ್ಷಣ ಹೆಚ್ಚಾಗಿ ಕಾದರೆ ಆ ಪಾಠದ ಬೆಲೆಯನ್ನು ಸೈಕಲ್ಲಿನವನು ತೆರಬೇಕಾದೀತು. ಸಂಗೀತದ ಶಿಷ್ಯನು ಅಪಸ್ವರ ನುಡಿದರೆ ಕೇಳಿದವರ ಕಿವಿಗೆ ಮಾತ್ರ ಕಷ್ಟ. ಇಲ್ಲಿ ತಪ್ಪಿಗೆ ಗುರಿಯಾಗುವವನೋ, ಪಾಠಕ್ಕೆ ಒಪ್ಪಿಗೆ ಕೊಟ್ಟವನೇ ಅಲ್ಲ. ಶಿಷ್ಯನ ಹಿತವನ್ನೂ ಈ ಅಪರಿಚಿತನ ಹಿತವನ್ನೂ ಒಂದೇ ಕ್ಷಣದಲ್ಲಿ ತೂಗಿ ನೋಡುವ ವಿವೇಕವೇ ಆ ಗುಣ.

ಅದಕ್ಕೆ ಪ್ರಮಾಣಪತ್ರವಿಲ್ಲ. ಹಾಗೆಂದು ನಿಯಮಗಳು ವ್ಯರ್ಥವೆನ್ನಲಾಗದು. ಅವು ಅಯೋಗ್ಯನನ್ನು ಬಾಗಿಲಲ್ಲೇ ತಡೆಯಬಲ್ಲವು. ಒಳಗೆ ಬಂದವನು ಯೋಗ್ಯನಾಗುವುದು ಅವನ ಸಾಧನೆಗೆ ಸೇರಿದ್ದು. ನಮ್ಮ ಪಾಲಿನ ಕರ್ತವ್ಯವೂ ಒಂದುಂಟು. ಮಕ್ಕಳನ್ನು ಕಲಿಯಲು ಕಳುಹಿಸುವಾಗ ಎಷ್ಟು ದಿನಗಳಲ್ಲಿ ಲೈಸೆನ್ಸು ದೊರೆಯುವುದೆಂದಷ್ಟೆ ವಿಚಾರಿಸುತ್ತೇವೆ. ಆ ಆತುರಕ್ಕೆ ತಕ್ಕ ಬೋಧಕನೇ ನಮಗೆ ದೊರೆತರೆ, ಅದಕ್ಕೆ ನಿಯಮವನ್ನು ದೂರುವುದು ನ್ಯಾಯವಲ್ಲ.