ಫೋನ್ ಹೊರಗಿರಲಿ

ನಿದ್ದೆಯಿಂದ ಎದ್ದವನು ಕೈಯನ್ನು ಮೂರು ಬಾರಿ ತೊಳೆಯದೆ ನೀರಿನ ಪಾತ್ರೆಯೊಳಗೆ ಅದ್ದಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಕೈ ರಾತ್ರಿಯನ್ನು ಎಲ್ಲಿ ಕಳೆಯಿತೆಂದು ಅವನಿಗೆ ತಿಳಿಯದು ಎಂಬುದೇ ಅವರು ಕೊಟ್ಟ ಕಾರಣ. ಕೊಳೆ ಕಣ್ಣಿಗೆ ಕಾಣಬೇಕೆಂದಿಲ್ಲ, ಸಂದೇಹವೇ ಸಾಕು. ಹಾಗಾದರೆ ನಿಮ್ಮ ಮೊಬೈಲ್ ಫೋನ್ ನಿನ್ನೆಯಿಂದ ಎಲ್ಲೆಲ್ಲಿ ಇತ್ತು? ದಿಂಬಿನ ಅಡಿ, ಸಂತೆಯ ತಕ್ಕಡಿಯ ಪಕ್ಕ, ಬಸ್ಸಿನ ಸೀಟು. ಹೇಳಲು ನಾಚಿಕೆಯಾದರೂ, ಶೌಚಾಲಯ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಹೆರಿಗೆ ಕಷ್ಟವೆಂದು ಕಂಡಾಗ ನಮ್ಮ ಹೆಣ್ಣುಮಕ್ಕಳನ್ನು ಚಿತ್ರದುರ್ಗಕ್ಕೆ ಕರೆದೊಯ್ಯುತ್ತೇವೆ. ಒಳಗೆ ಸಿಸೇರಿಯನ್, ಹೊರಗೆ ದುಆ. ಆ ಹೊತ್ತಿನಲ್ಲಿ ಒಳಹೋಗುವ ಆಯಾಳ ಕೈಗೆ ಫೋನ್ ತುರುಕುವವರೂ ನಮ್ಮಲ್ಲಿದ್ದಾರೆ. ಮಗುವಿನ ಮೊದಲ ಅಳುವಿನ ವೀಡಿಯೋ ಬೇಕು. ಸೌದಿಯಲ್ಲಿರುವ ತಂದೆ ಅಲ್ಲಿಂದಲೇ ಮಗುವಿನ ಕಿವಿಗೆ ಅಝಾನ್ ಹೇಳಬೇಕು. ಆ ತಂದೆಯ ಹಂಬಲವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅಲ್ಲಿ ಅವನ ಪತ್ನಿಯ ಹೊಟ್ಟೆ ಇನ್ನೂ ತೆರೆದಿದೆ.

ವೈದ್ಯರು ಮೊಣಕೈವರೆಗೆ ಉಜ್ಜಿ ತೊಳೆದು, ಕೈಗಳನ್ನು ಎತ್ತಿ ಹಿಡಿದು, ಏನನ್ನೂ ಮುಟ್ಟದೆ ನಿಲ್ಲುತ್ತಾರೆ. ವುಝೂ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕತ್ತರಿ, ಚಾಕುಗಳು ಒತ್ತಡದ ಹಬೆಯಲ್ಲಿ, 121 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಶಾಖದಲ್ಲಿ ಬೆಂದು ಬರುತ್ತವೆ. ಫೋನನ್ನು ಹಾಗೆ ಬೇಯಿಸಲಾಗದು. ಟರ್ಕಿಯಲ್ಲಿ ಶಸ್ತ್ರಚಿಕಿತ್ಸಾ ಕೊಠಡಿ ಮತ್ತು ತೀವ್ರ ನಿಗಾ ಘಟಕಗಳ 200 ಸಿಬ್ಬಂದಿಯ ಫೋನುಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ ಶೇ. 94.5ರಷ್ಟು ಫೋನುಗಳಲ್ಲಿ ಬ್ಯಾಕ್ಟೀರಿಯಾ ಇತ್ತು. ಅವೆಲ್ಲವೂ ರೋಗ ತರುವಂಥವಲ್ಲ, ನಿಜ. ಆದರೆ ಸಾಮಾನ್ಯ ಔಷಧಿಗೆ ಬಗ್ಗದವೂ ಅವುಗಳಲ್ಲಿದ್ದವು. ಬಾಣಂತಿಯ ಹೊಲಿಗೆಯಲ್ಲಿ ಕೀವು ತುಂಬಿದರೆ ಪ್ರಾಣಕ್ಕೇ ಸಂಚಕಾರ ಬಂದೀತು.

“ನನ್ನ ಫೋನಿನಲ್ಲಿ ಕುರ್‌ಆನ್ ಇದೆ, ಅದು ಅಶುದ್ಧವೇ?” ಎಂದು ಕೇಳುವವರಿದ್ದಾರೆ. ನಜಸ್ ಅಲ್ಲ, ಜೇಬಿನಲ್ಲಿಟ್ಟು ನಮಾಝ್ ಮಾಡಬಹುದು. ಆದರೆ ರೋಗಾಣು ಫತ್ವಾ ಕೇಳಿ ಬರುವುದಿಲ್ಲ.

ಅಝಾನ್ ಹೇಳಲು ತಂದೆಯೇ ಆಗಬೇಕೆಂದಿಲ್ಲ. ಅಜ್ಜ ಇದ್ದಾರೆ, ಸೋದರಮಾವ ಇದ್ದಾರೆ. ಮಗುವನ್ನು ಹೊರತಂದಾಗ ಅವರಲ್ಲೊಬ್ಬರು ಕೈ ತೊಳೆದು ಬಂದು ಹೇಳಲಿ. ಸೌದಿಗೆ ಫೋಟೋ ಅರ್ಧ ಗಂಟೆ ತಡವಾಗಿ, ವಾರ್ಡಿನಿಂದ ಹೋಗಲಿ.

ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೂ ಒಂದು ಮಾತು. ಸಲಹೆ ಕೇಳಲು ಫೋನ್ ಒಳಗೆ ಬೇಕೇ ಬೇಕಾದೀತು. ಆಗ ಅದನ್ನು ಶೇ. 70ರ ಆಲ್ಕೋಹಾಲ್‌ನಿಂದ ಒರೆಸಿರಿ (ಇದು ಕುಡಿಯುವುದಕ್ಕಲ್ಲ, ಹಿಂಜರಿಯಬೇಡಿ), ಮುಟ್ಟಿದ ಕೈಯನ್ನು ಮತ್ತೆ ತೊಳೆಯಿರಿ. ಹೊರಗೆ ನಿಂತ ನಾವು ಆ ಹೊತ್ತಿನಲ್ಲಿ ನಿಮಗೆ ಕರೆ ಮಾಡದಿರೋಣ.